ಊರಿನ ಹೆಸರು ಬೈಗುಳದ ಪಟ್ಟಿಗೆ ಸಿಕ್ಕ ಬಗೆ: ಆನ್‌ಲೈನ್ ಆಟದ ಸಮುದಾಯ ನಿರ್ವಹಣೆಯ ಒಂದು ಪ್ರಕರಣ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಮನೆಯಿಂದಲೇ ನಾನು ಒಂದು ಆನ್‌ಲೈನ್ ಆಟದ ಕಮ್ಯೂನಿಟಿ ಮ್ಯಾನೇಜರ್ ಆಗಿ ಕೆಲಸ ಮಾಡುತ್ತೇನೆ. ಆಟವನ್ನು ತಯಾರಿಸಿದವರು ಬೇರೆ ದೇಶದವರು, ಅದನ್ನು ಭಾರತದಲ್ಲಿ ನಡೆಸುವ ಕಚೇರಿ ಬೇರೆ ರಾಜ್ಯದಲ್ಲಿದೆ. ಕನ್ನಡದಲ್ಲಿ ಚಾಟ್ ಮಾಡುವ, ಕನ್ನಡದಲ್ಲಿ ದೂರು ಕೊಡುವ ಆಟಗಾರರ ಮಾತನ್ನು ಆ ಕಚೇರಿಗೂ, ಕಚೇರಿಯ ನಿರ್ಧಾರಗಳನ್ನು ಆಟಗಾರರಿಗೂ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಅಪ್‌ಡೇಟ್ ಬಂದಾಗ ಏನು ಬದಲಾಯಿತೆಂದು ತಿಳಿಸುವುದು, ಸರ್ವರ್ ನಿಂತಾಗ ಉತ್ತರ ಕೊಡುವುದು, ಟೂರ್ನಮೆಂಟ್ ನಡೆಸುವುದು, ಬ್ಯಾನ್ ಆದವರ ಮನವಿಗಳನ್ನು ಓದುವುದು, ಆಟಗಾರರಲ್ಲೇ ಕೆಲವರನ್ನು ಚಾಟಿನ ಮೇಲೆ ಕಣ್ಣಿಡುವ ಮಾಡರೇಟರ್‌ಗಳಾಗಿ ಆರಿಸಿ ಅವರಿಗೆ ಕೆಲಸ ಕಲಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಇಲ್ಲಿ ದಾಖಲಿಸುತ್ತಿರುವುದು ಬಾಗಲಕೋಟೆ ಜಿಲ್ಲೆಯ ಒಂದು ಕ್ಲ್ಯಾನಿನ, ಅಂದರೆ ಕೂಡಿ ಆಡುವವರ ತಂಡದ, ಹೆಸರನ್ನು ಬೈಗುಳ ತಡೆಯುವ ನಮ್ಮ ಫಿಲ್ಟರ್ ಅಳಿಸಿಹಾಕಿದ ಪ್ರಕರಣ. ಅದರಲ್ಲಿ ಯಂತ್ರದ ತಪ್ಪು ಎಷ್ಟಿತ್ತೋ ನನ್ನ ತಪ್ಪೂ ಅಷ್ಟೇ ಇತ್ತು.

ಮೊದಲು ಆ ಪದದ ಬಗ್ಗೆ ಹೇಳಬೇಕು. ‘ಸೂಳೆ’ ಎಂಬುದನ್ನು ನಿಷಿದ್ಧ ಪದಗಳ ಪಟ್ಟಿಗೆ ಸೇರಿಸಿದವಳು ನಾನೇ. ನಾನು ಕೆಲಸಕ್ಕೆ ಸೇರಿದಾಗ ಆ ಪಟ್ಟಿಯಲ್ಲಿದ್ದವು ಇಂಗ್ಲಿಷ್ ಮತ್ತು ಹಿಂದಿ ಪದಗಳು ಮಾತ್ರ. ಕನ್ನಡದಲ್ಲಿ ಎಂಥ ಹೊಲಸು ಮಾತು ಬರೆದರೂ ಅದು ಫಿಲ್ಟರಿಗೆ ಸಿಗುತ್ತಿರಲಿಲ್ಲ. ಎದುರಿಗೆ ಆಡುತ್ತಿರುವವರು ಹೆಣ್ಣುಮಕ್ಕಳೆಂದು ಗೊತ್ತಾದ ಕೂಡಲೇ ಕೆಲವರು ಈ ಪದಕ್ಕೆ ‘ಮಗಳೇ’ ಎಂದು ಅಂಟಿಸಿ ಸಾಲುಸಾಲಾಗಿ ಬರೆಯುತ್ತಿದ್ದರು. ವಿಜಯಪುರದ ಒಬ್ಬ ಕಾಲೇಜು ವಿದ್ಯಾರ್ಥಿನಿ ಆ ಕಾಟ ತಾಳಲಾರದೆ ಗಂಡಸಿನ ಹೆಸರಿನ ಹೊಸ ಐಡಿ ಮಾಡಿಕೊಂಡು ಆಡುತ್ತಿರುವುದಾಗಿ ನನಗೆ ತಿಳಿಸಿದ್ದಳು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈ ಪದಕ್ಕೆ ಬೇರೆ ಕಡೆಗಿಂತ ಹೆಚ್ಚಿನ ಇರಿತವಿದೆ. ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿಯನ್ನು 1982ರ ರಾಜ್ಯ ಕಾಯ್ದೆ ನಿಷೇಧಿಸಿತಾದರೂ, ಆ ತಾಯಂದಿರ ಮಕ್ಕಳನ್ನು ಶಾಲೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಇದೇ ಪದದಿಂದ ಕೂಗಿ ನೋಯಿಸುವುದನ್ನು ನಾವು ಚಿಕ್ಕವರಿದ್ದಾಗ ಕಿವಿಯಾರೆ ಕೇಳಿದ್ದೇವೆ. ಹೀಗಾಗಿ ಅದನ್ನು ಪಟ್ಟಿಗೆ ಸೇರಿಸಿ ಎಂದು ಕಚೇರಿಯ ಬೆನ್ನು ಹತ್ತಿ ಸೇರಿಸಿದೆ. ಇಂದಿಗೂ ಆ ಕೆಲಸ ಸರಿಯಾದದ್ದೆಂದೇ ನಂಬಿದ್ದೇನೆ.

ಆದರೆ ಇದೇ ಪದ ಊರುಗಳ ಹೆಸರಿನಲ್ಲಿಯೂ ಇದೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ, ಅಮೀನಗಡದ ಹತ್ತಿರ, ನೇಕಾರರ ಊರಾದ ಸೂಳೇಬಾವಿ ಇದೆ. ನಮ್ಮ ಬೆಳಗಾವಿ ತಾಲ್ಲೂಕಿನಲ್ಲಿಯೂ ಅದೇ ಹೆಸರಿನ ಇನ್ನೊಂದು ಊರಿದ್ದು, ಬೆಳಗಾವಿಯಿಂದ ಘಟಪ್ರಭಾ ಕಡೆಗೆ ರೈಲಿನಲ್ಲಿ ಹೋಗುವಾಗ ಅದರ ನಿಲ್ದಾಣ ಸಿಗುತ್ತದೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನು ಜನ ಸೂಳೆಕೆರೆ ಎಂದೇ ಕರೆಯುತ್ತಾರೆ. 12ನೆಯ ಶತಮಾನದ ಶರಣೆಯರಲ್ಲಿ ಒಬ್ಬಳು ಸೂಳೆ ಸಂಕವ್ವೆ. ಬಾವಿಗೂ ಕೆರೆಗೂ ಶರಣೆಗೂ ಈ ಹೆಸರು ಅಂಟಿದ ಕಾಲದಲ್ಲಿ ಅದು ಬರೀ ಬೈಗುಳವಾಗಿರಲಿಲ್ಲ. ಇದೆಲ್ಲ ನನಗೆ ತಿಳಿಯದ್ದೇನಲ್ಲ. ಪಟ್ಟಿಗೆ ಪದ ಸೇರಿಸುವ ದಿನ ಅದು ನೆನಪಿಗೆ ಬರಲಿಲ್ಲ ಎಂಬುದು ನಿಜ.

ಸೂಳೇಬಾವಿಯ ಹುಡುಗರು ಊರಿನ ಹೆಸರಿಗೆ ‘ಹುಲಿಗಳು’ ಎಂದು ಸೇರಿಸಿ ಕನ್ನಡ ಅಕ್ಷರಗಳಲ್ಲೇ ಕ್ಲ್ಯಾನ್ ಕಟ್ಟಿದ್ದರು. ಎರಡು ವರ್ಷ ಆ ಹೆಸರಿನಿಂದಲೇ ಆಡಿದರು, ಒಂದು ದಿನವೂ ತೊಂದರೆ ಬರಲಿಲ್ಲ. ಒಂದು ಮಂಗಳವಾರ ರಾತ್ರಿ ಸರ್ವರ್ ನಿಲ್ಲಿಸಿ ಅಪ್‌ಡೇಟ್ ಹಾಕಿದರು. ಬುಧವಾರ ಬೆಳಗ್ಗೆ ಅವರು ಆಟ ತೆರೆದಾಗ ಕ್ಲ್ಯಾನಿನ ಹೆಸರಿದ್ದ ಜಾಗದಲ್ಲಿ ‘ಕ್ಲ್ಯಾನ್’ ಎಂಬ ಇಂಗ್ಲಿಷ್ ಪದವೂ ಅದರ ಮುಂದೆ ಒಂದು ಉದ್ದನೆಯ ಸಂಖ್ಯೆಯೂ ಇದ್ದವು. ಇದೇನಾಯಿತೆಂದು ಚಾಟಿನಲ್ಲಿ ಒಬ್ಬರನ್ನೊಬ್ಬರು ಕೇಳುವಾಗ ಊರಿನ ಹೆಸರನ್ನು ಬರೆಯಲೇಬೇಕಲ್ಲ. ಬರೆದವರಿಗೆಲ್ಲ ಒಂದೊಂದು ಎಚ್ಚರಿಕೆ ಹೋಯಿತು. ಮೂರು ಎಚ್ಚರಿಕೆಗೆ ಏಳು ದಿನ ಮ್ಯೂಟ್, ಅಂದರೆ ಚಾಟಿನಲ್ಲಿ ಬರೆಯಲಾಗದಂತೆ ತಡೆ, ಎಂಬುದು ನಿಯಮ. ಮಧ್ಯಾಹ್ನದ ಹೊತ್ತಿಗೆ ನಾಯಕನೂ ಸೇರಿ 9 ಮಂದಿಯ ಬಾಯಿ ಕಟ್ಟಿತ್ತು. ಭಾನುವಾರ ಜಿಲ್ಲಾವಾರು ಟೂರ್ನಮೆಂಟ್ ಇತ್ತು. ನೋಂದಣಿ ಆಗಿದ್ದು ಹಳೆಯ ಹೆಸರಿನಲ್ಲಿ. ಹೊಸ ಸಂಖ್ಯೆಯ ಕ್ಲ್ಯಾನಿಗೂ ಆ ನೋಂದಣಿಗೂ ತಾಳೆಯಾಗದೆ ಅವರ ಹೆಸರು ಪಟ್ಟಿಯಿಂದ ತಾನಾಗಿಯೇ ಬಿದ್ದುಹೋಯಿತು.

ನಾಯಕನ ದೂರು ನನ್ನ ಮುಂದೆ ಬಂದಾಗ ಅಪ್‌ಡೇಟಿನ ಮರುದಿನದ ದೂರುಗಳ ರಾಶಿಯೇ ಇತ್ತು. ಹೆಸರುಗಳ ವಿಚಾರಕ್ಕೆಂದು ಸಿದ್ಧವಾಗಿಟ್ಟುಕೊಂಡ ಉತ್ತರವೊಂದಿದೆ: ನಿಮ್ಮ ಕ್ಲ್ಯಾನಿನ ಹೆಸರಿನಲ್ಲಿ ಅಶ್ಲೀಲ ಪದವಿರುವುದು ಕಂಡುಬಂದಿದೆ, ದಯವಿಟ್ಟು ಸಭ್ಯವಾದ ಬೇರೆ ಹೆಸರನ್ನು ಆರಿಸಿಕೊಳ್ಳಿ, ಹೆಸರು ಬದಲಿಸಲು ಶುಲ್ಕವಿಲ್ಲ. ದೂರಿನ ಮೊದಲ ಸಾಲನ್ನಷ್ಟೇ ಓದಿ ಅದನ್ನು ಕಳಿಸಿದೆ. ಪೂರ್ತಿ ಓದಿದ್ದರೆ ಎರಡನೆಯ ಸಾಲಿನಲ್ಲೇ ಊರು, ತಾಲ್ಲೂಕು, ಜಿಲ್ಲೆ ಎಲ್ಲವನ್ನೂ ಅವನು ಬರೆದದ್ದು ಕಾಣುತ್ತಿತ್ತು. ಹತ್ತು ನಿಮಿಷದೊಳಗೆ ಅವನ ಮರುಮಾತು ಬಂತು: “ಮೇಡಂ, ನಮ್ಮೂರ ಹೆಸರ ಬದಲಿ ಮಾಡ್ರಿ ಅಂದ್ರ ಎಲ್ಲಿಗೆ ಹೋಗಿ ಮಾಡಿಸೂನ್ರಿ?”

ಆ ಸಾಲನ್ನು ಓದಿದ ಮೇಲೆ ಕೈ ಆಡಲಿಲ್ಲ. ನಮ್ಮ ಬೆಳಗಾವಿ, ವಿಜಯಪುರಗಳ ಇಂಗ್ಲಿಷ್ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು, ವರ್ಷಗಟ್ಟಲೆ ಕಾದು, ಸರ್ಕಾರದ ಆದೇಶದಿಂದ. ಒಂದು ಊರಿನ ಹೆಸರಿಗೆ ಅಷ್ಟು ತೂಕವಿರುವಾಗ ನಾನು ಒಬ್ಬ ಹುಡುಗನಿಗೆ ‘ಸಭ್ಯವಾದ ಬೇರೆ ಹೆಸರು’ ಆರಿಸಿಕೋ ಎಂದಿದ್ದೆ. ಅವನ ನಂಬರ್ ಕೇಳಿ ಫೋನ್ ಮಾಡಿದೆ. ಆಟಗಾರರಿಗೆ ಫೋನ್ ಮಾಡುವುದು ನಮ್ಮಲ್ಲಿ ವಾಡಿಕೆಯಲ್ಲ. ಕಚೇರಿಗೆ ಮೊದಲೇ ತಿಳಿಸಿ, ಅನುಮತಿ ಪಡೆದು ಮಾಡಿದೆ.

ಫೋನಿನ ಆ ಕಡೆಯಿಂದ ಮಗ್ಗದ ಸದ್ದು ಕೇಳುತ್ತಿತ್ತು. ಲಾಳಿ ಓಡಿದ್ದು, ಹಲಗೆ ಬಡಿದದ್ದು, ಮತ್ತೆ ಲಾಳಿ, ಮತ್ತೆ ಹಲಗೆ. ಅವನ ತಾಯಿ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಯಾರ ಫೋನು ಎಂದು ಅವರು ಕೇಳಿದ್ದೂ, “ಗೇಮಿನ ಕಂಪನಿಯಾರದವ್ವಾ, ನಮ್ಮೂರ ಹೆಸರ ಹೊಲಸ ಐತಿ ಅಂದಾರ” ಎಂದು ಅವನು ಹೇಳಿದ್ದೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಮಗ್ಗದ ಸದ್ದು ನಿಂತಿತು. “ಯಾರ ಹಂಗಂದವರು?” ಎಂದರು ಆ ತಾಯಿ. ನಾನೇ ಎಂದು ಹೇಳಿ, ತಪ್ಪಾಯಿತೆಂದು ಅವರಿಬ್ಬರಿಗೂ ಕೇಳುವಂತೆ ಹೇಳಿದೆ. ಹುಡುಗ ಸಿಟ್ಟಿನಲ್ಲಿರಲಿಲ್ಲ, ನಾಚಿಕೊಂಡಿದ್ದ. ಬಾಗಲಕೋಟೆಯ ಕಾಲೇಜಿಗೆ ಸೇರಿದ ಹೊಸತರಲ್ಲಿ ಹಾಜರಿ ಕೂಗುವಾಗ ಊರಿನ ಹೆಸರು ಬಂದರೆ ಹಿಂದಿನ ಬೆಂಚಿನವರು ನಗುತ್ತಿದ್ದರಂತೆ. ಆಟದಲ್ಲಿ ಆ ಹೆಸರಿಗೆ ಒಂದು ಮರ್ಯಾದೆ ಬಂದಿತ್ತು, ಸೋಲಿಸಲು ಕಷ್ಟವಾದ ಕ್ಲ್ಯಾನ್ ಎಂಬ ಮರ್ಯಾದೆ. ಈಗ ಅಲ್ಲಿಯೂ ನಗುವವರಿಗೆ ದಾರಿಯಾಯಿತಲ್ಲ ಎಂಬುದೇ ಅವನ ಸಂಕಟವಾಗಿತ್ತು. ಟೂರ್ನಮೆಂಟಿನ ಮಾತನ್ನು ಅವನು ಎತ್ತಲೇ ಇಲ್ಲ, ನಾನೇ ಎತ್ತಿದೆ.

ಎರಡು ವರ್ಷ ನಡೆದ ಹೆಸರು ಒಂದೇ ರಾತ್ರಿಯಲ್ಲಿ ಹೇಗೆ ಸಿಕ್ಕಿಬಿದ್ದಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಎರಡು ದಿನ ಬೇಕಾಯಿತು. ಕಚೇರಿಯ ಎಂಜಿನಿಯರಿಗೆ ಕನ್ನಡ ಬರುವುದಿಲ್ಲ, ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಕಡೆಗೆ ನಮ್ಮಿಬ್ಬರನ್ನೂ ಒಂದೆಡೆ ತಂದದ್ದು ಒಂದನೆಯ ತರಗತಿಯ ಕಾಗುಣಿತ. ಳಕಾರಕ್ಕೆ ಏತ್ವ ಕೊಟ್ಟರೆ ‘ಳೆ’, ಏತ್ವದ ಮುಂದೆ ದೀರ್ಘ ಕೊಟ್ಟರೆ ‘ಳೇ’ ಎಂದು ಮಕ್ಕಳು ಹೇಳುತ್ತಾರಲ್ಲ, ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿಯೂ ಅದು ಹಾಗೆಯೇ ಇದೆ. ‘ೇ’ ಎಂಬ ಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ. ಅದನ್ನೇ ಬಿಡಿಸಿ ‘ೆ’ ಮತ್ತು ದೀರ್ಘದ ‘ೕ’ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಒಂದೇ ಎಂದು ಯೂನಿಕೋಡ್ ಒಪ್ಪುತ್ತದೆ. ಹಳೆಯ ಫಿಲ್ಟರ್ ಅಕ್ಷರಗಳನ್ನು ಬಿಡಿಸದೆ ಹೋಲಿಸುತ್ತಿದ್ದುದರಿಂದ ಅದರ ಲೆಕ್ಕದಲ್ಲಿ ‘ಸೂಳೆ’ ಬೇರೆ, ‘ಸೂಳೇ’ ಬೇರೆ ಆಗಿತ್ತು. ಇಂಗ್ಲಿಷ್ ಬೈಗುಳಗಳ ಅಕ್ಷರಗಳ ಮೇಲೆ ಚುಕ್ಕೆ, ಗೆರೆಗಳನ್ನು ಹಾಕಿ ತಪ್ಪಿಸಿಕೊಳ್ಳುವವರನ್ನು ಹಿಡಿಯಲೆಂದು ಹೊಸ ಅಪ್‌ಡೇಟಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳನ್ನೂ ಮೊದಲು ಬಿಡಿಸಿ, ಆಮೇಲೆ ಹೋಲಿಸುವ ಕ್ರಮ ತಂದಿದ್ದರು. ಬಿಡಿಸಿದ ಕೂಡಲೇ ಊರಿನ ಹೆಸರಿನ ದೀರ್ಘ ಪಕ್ಕಕ್ಕೆ ಸರಿದು, ಉಳಿದ ಭಾಗ ಪಟ್ಟಿಯ ಪದವೇ ಆಯಿತು. ಆ ದೀರ್ಘವೊಂದೇ ಎರಡು ವರ್ಷ ಆ ಊರನ್ನು ಕಾಯ್ದುಕೊಂಡು ಬಂದಿತ್ತು.

ಇದಲ್ಲದೆ ಅದೇ ಅಪ್‌ಡೇಟಿನಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆಂದು ನಾನೇ ಕಚೇರಿಗೆ ತಿಳಿಸಿದ್ದೆ. ಅದನ್ನು ಕೇಳಿ ಅವರು ಕನ್ನಡದ ಪಟ್ಟಿಯನ್ನು ಯಂತ್ರದಿಂದಲೇ ಇಂಗ್ಲಿಷ್ ಅಕ್ಷರಗಳಿಗೆ ತಿರುಗಿಸಿಬಿಟ್ಟಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಳಕಾರಕ್ಕೂ ಲಕಾರಕ್ಕೂ ಭೇದವಿಲ್ಲ, ಹ್ರಸ್ವಕ್ಕೂ ದೀರ್ಘಕ್ಕೂ ಭೇದವಿಲ್ಲ. ಹೀಗಾಗಿ ಸುಲೇಖಾ ಎಂಬ ಹುಡುಗಿಯರ ಹೆಸರೂ, ಸುಲೇಮಾನ್ ಎಂಬ ಹೆಸರೂ, ಮರಾಠಿಗರಲ್ಲಿರುವ ಸುಳೆ ಎಂಬ ಅಡ್ಡಹೆಸರೂ ಒಂದೇ ಬಲೆಯಲ್ಲಿ ಬಿದ್ದಿದ್ದವು. ಆ ದೂರುಗಳು ಬೇರೆ ಬೇರೆ ದಿನ, ಬೇರೆ ಬೇರೆ ಮಾತಿನಲ್ಲಿ ಬಂದದ್ದರಿಂದ ಒಂದಕ್ಕೊಂದು ಸಂಬಂಧವಿದೆಯೆಂದು ಯಾರೂ ಗುರುತಿಸಿರಲಿಲ್ಲ. ದೀರ್ಘ ಬಿಟ್ಟು ‘ಸೂಳೆಬಾವಿ’ ಎಂದು ಬರೆಯುತ್ತಿದ್ದ ಕೆಲವರ ಮಾತು ಹಳೆಯ ಫಿಲ್ಟರಿನಲ್ಲಿಯೂ ನಕ್ಷತ್ರ ಚಿಹ್ನೆಗಳಾಗಿ ಬದಲಾಗುತ್ತಿದ್ದದ್ದು ಕೂಡ ಹುಡುಕುವಾಗ ಬೆಳಕಿಗೆ ಬಂತು. ಅವರು ದೂರು ಕೊಟ್ಟಿರಲಿಲ್ಲ. ಊರಿನ ಹೆಸರಿಗೆ ನಕ್ಷತ್ರ ಬೀಳುವುದನ್ನು ಒಪ್ಪಿಕೊಂಡು ಸುಮ್ಮನಿದ್ದರು.

ಇಂಥ ತೊಡಕು ಮೊದಲು ಬಂದದ್ದು ನಮಗೇನಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕಂಥೋರ್ಪ್ ಎಂಬ ಊರಿನವರಿಗೆ, ಊರಿನ ಹೆಸರಿನ ನಡುವೆ ಒಂದು ಬೈಗುಳದ ಅಕ್ಷರಗಳು ಬರುತ್ತವೆಂಬ ಕಾರಣಕ್ಕೆ, ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲಾಗಲಿಲ್ಲ. ಅಂದಿನಿಂದ ಈ ಬಗೆಯ ತಪ್ಪಿಗೆ ಆ ಊರಿನ ಹೆಸರೇ ಅಂಟಿದೆ. ಎಂಜಿನಿಯರ್ ಕೂಡ ಅದನ್ನೇ ನೆನಪಿಸಿ, ಪೂರ್ತಿ ಪದವನ್ನು ಮಾತ್ರ ಹೋಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದರು. ಇಂಗ್ಲಿಷಿಗೆ ಆ ಮದ್ದು ಸಾಕಾಗಬಹುದು, ಕನ್ನಡಕ್ಕೆ ಸಾಲದು. ನಮ್ಮ ಭಾಷೆಯಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡೇ ನಡೆಯುತ್ತವೆ. ಈ ಬೈಗುಳವನ್ನು ಬಿಡಿಯಾಗಿ ಬರೆಯುವವರು ಕಡಿಮೆ, ‘ಮಗ’, ‘ಮಗಳು’, ‘ಮಕ್ಕಳು’ ಎಂದು ಸೇರಿಸಿ, ಅದಕ್ಕೆ ಮತ್ತೊಂದು ಪ್ರತ್ಯಯವನ್ನು ಹಚ್ಚಿ ಬರೆಯುವವರೇ ಹೆಚ್ಚು. ಪೂರ್ತಿ ಪದವನ್ನಷ್ಟೇ ನೋಡಿದರೆ ಊರು ಪಾರಾಗುತ್ತದೆ, ಅದರ ಜೊತೆಗೆ ಬೈಗುಳವೂ ಪಾರಾಗುತ್ತದೆ.

ಕಚೇರಿಯ ಹಿರಿಯರು ಎರಡು ದಾರಿ ತೋರಿಸಿದರು. ಒಂದು, ಪದವನ್ನೇ ಪಟ್ಟಿಯಿಂದ ತೆಗೆಯುವುದು. ಇನ್ನೊಂದು, ಈ ಒಂದು ಕ್ಲ್ಯಾನಿಗೆ ಮಾತ್ರ ವಿನಾಯಿತಿ ಕೊಟ್ಟು ವಿಷಯ ಮುಗಿಸುವುದು. ಮೊದಲನೆಯದನ್ನು ನಾನು ಒಪ್ಪುವ ಪ್ರಶ್ನೆಯೇ ಇರಲಿಲ್ಲ. ಗಂಡಸಿನ ಹೆಸರಿನಲ್ಲಿ ಅಡಗಿಕೊಂಡು ಆಡುವ ಹುಡುಗಿ ನನ್ನ ಕಣ್ಣ ಮುಂದಿದ್ದಳು. ಎರಡನೆಯದು ಸುಲಭ, ಅದೇ ಸಂಜೆ ಆಗಿಹೋಗುವಂಥದ್ದು, ಒಂದು ಕ್ಷಣ ಮನಸ್ಸು ಆ ಕಡೆಗೆ ವಾಲಿದ್ದೂ ಉಂಟು. ಆದರೆ ಕ್ಲ್ಯಾನಿಗೆ ವಿನಾಯಿತಿ ಕೊಟ್ಟರೆ ಅದರ ಫಲಕಕ್ಕೆ ಮಾತ್ರ ಬಿಡುಗಡೆ, ‘ನೀ ಯಾವೂರಾವ?’ ಎಂದು ಯಾರಾದರೂ ಚಾಟಿನಲ್ಲಿ ಕೇಳಿದಾಗ ಆ ಊರಿನ ಹುಡುಗ ಉತ್ತರ ಕೊಟ್ಟರೆ ಮತ್ತೆ ಎಚ್ಚರಿಕೆಯೇ. ತನ್ನ ಊರನ್ನು ಹೇಳಿಕೊಳ್ಳಲು ಒಬ್ಬ ಮನುಷ್ಯನಿಗೆ ನಮ್ಮ ಅಪ್ಪಣೆ ಬೇಕಾಗುವುದು ನನಗೆ ಸರಿಕಾಣಲಿಲ್ಲ. ಇದನ್ನು ಪತ್ರದಲ್ಲಿ ಬರೆದು, ಜೊತೆಗೆ ರೈಲು ನಿಲ್ದಾಣದ ಹಳದಿ ಫಲಕದ ಚಿತ್ರವನ್ನು ಕಳಿಸಿದೆ. ಇದು ಆ ಹುಡುಗರ ಊರೇ ಎಂದು ಅವರು ಕೇಳಿದಾಗ, ಅಲ್ಲ, ಇದು ಅದೇ ಹೆಸರಿನ ಇನ್ನೊಂದು ಊರು ಎಂದು ಉತ್ತರಿಸಿದ ಮೇಲೆ ಒಂದು ಕ್ಲ್ಯಾನಿನ ವಿನಾಯಿತಿಯ ಮಾತು ತಾನಾಗಿ ಕೈಬಿಟ್ಟುಹೋಯಿತು.

ನಿರ್ಧಾರ ಮಾಡುವ ಮುನ್ನ ಹೆಣ್ಣುಮಕ್ಕಳನ್ನು ಕೇಳಬೇಕೆನಿಸಿತು. ಪದವನ್ನು ಸೇರಿಸಿದ್ದು ಅವರಿಗಾಗಿ. ಸಡಿಲಿಸುವುದಾದರೆ ಅವರ ಬೆನ್ನ ಹಿಂದೆ ಸಡಿಲಿಸಬಾರದು. ನಮ್ಮ ಮಾಡರೇಟರ್‌ಗಳಲ್ಲಿ ಇಬ್ಬರು ಹುಡುಗಿಯರಿದ್ದಾರೆ, ಒಬ್ಬಳು ಗೋಕಾಕದವಳು, ಮತ್ತೊಬ್ಬಳು ವಿಜಯಪುರದ ಆ ವಿದ್ಯಾರ್ಥಿನಿಯೇ. ಗೋಕಾಕದವಳು, “ಅಕ್ಕಾ, ಊರ ಹೆಸರ ಬ್ಯಾರೆ, ಬೈಗುಳ ಬ್ಯಾರೆ. ಓದಿದ್ರ ನಮಗ ತಿಳಿಯೂದಿಲ್ಲೇನು?” ಎಂದಳು. ವಿಜಯಪುರದವಳು ಅಷ್ಟು ಬೇಗ ಒಪ್ಪಲಿಲ್ಲ. ಊರಿನ ಹೆಸರನ್ನು ಬಿಟ್ಟ ಮರುದಿನವೇ ಅದನ್ನು ಗುರಾಣಿ ಮಾಡಿಕೊಂಡು ಬೈಯುವವರು ಹುಟ್ಟಿಕೊಳ್ಳುತ್ತಾರೆ, ಆಗ ಅದನ್ನು ಯಾರು ನೋಡುತ್ತಾರೆ ಎಂದು ಕೇಳಿದಳು. ಯಂತ್ರ ನೋಡುವುದಿಲ್ಲ, ನಾವೇ ನೋಡಬೇಕು ಎಂದೆ. ಹಾಗಿದ್ದರೆ ಅಂಥ ದೂರುಗಳು ಮೊದಲು ತನ್ನ ಬಳಿಯೇ ಬರಲಿ ಎಂದು ಅವಳು ಕೇಳಿಕೊಂಡಳು. ಹಾಗೆಯೇ ಮಾಡಿದೆವು.

ಕೊನೆಗೆ ಆದ ವ್ಯವಸ್ಥೆ ಹೀಗಿದೆ. ಊರು, ಕೆರೆ, ಮನುಷ್ಯರ ಹೆಸರುಗಳ ಒಂದು ಪಟ್ಟಿಯನ್ನು ಫಿಲ್ಟರ್ ಮೊದಲು ನೋಡುತ್ತದೆ. ಬರೆದದ್ದರಲ್ಲಿ ಅಂಥ ಹೆಸರಿದ್ದರೆ ಅದನ್ನು ಪಕ್ಕಕ್ಕಿಟ್ಟು, ಉಳಿದ ಮಾತನ್ನು ಮಾತ್ರ ನಿಷಿದ್ಧ ಪದಗಳೊಂದಿಗೆ ಹೋಲಿಸುತ್ತದೆ. ಕನ್ನಡದ ಪಟ್ಟಿಯನ್ನು ಯಂತ್ರದಿಂದ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವುದನ್ನು ನಿಲ್ಲಿಸಿ, ಬೈಯುವವರು ನಿಜವಾಗಿ ಬರೆಯುವ ರೂಪಗಳನ್ನು ನಾವೇ ಕೈಯಾರೆ ಸೇರಿಸಿದೆವು. ಕ್ಲ್ಯಾನಿನ ಹೆಸರನ್ನು ಇನ್ನು ಮುಂದೆ ಯಂತ್ರ ತಾನಾಗಿ ಬದಲಿಸುವುದಿಲ್ಲ. ಅನುಮಾನ ಬಂದರೆ ಆ ಭಾಷೆ ಬಲ್ಲ ಒಬ್ಬರ ಮುಂದೆ ಇಡುತ್ತದೆ. ಈ ಕೊನೆಯದನ್ನು ಒಪ್ಪಿಸಲು ಎಲ್ಲಕ್ಕಿಂತ ಹೆಚ್ಚು ಹೆಣಗಬೇಕಾಯಿತು, ಏಕೆಂದರೆ ಅದಕ್ಕೆ ಸಂಬಳ ಕೊಟ್ಟು ಜನರನ್ನು ಇಡಬೇಕು.

ಗುರುವಾರ ರಾತ್ರಿ ಹೆಸರು ಮರಳಿತು, ಮ್ಯೂಟ್ ತೆರವಾಯಿತು. ಆದರೆ ಎಚ್ಚರಿಕೆಗಳು ಖಾತೆಗಳ ದಾಖಲೆಯಲ್ಲಿ ಹಾಗೆಯೇ ಉಳಿದಿದ್ದವು. ಶಿಕ್ಷೆ ತೆರವಾದರೂ ದಾಖಲೆ ಉಳಿದರೆ ಮುಂದೆ ಯಾವುದೋ ಸಣ್ಣ ಮಾತಿಗೆ ಆ ಹುಡುಗರ ಮೇಲೆ ದೊಡ್ಡ ಶಿಕ್ಷೆ ಬೀಳುತ್ತದೆ. ಇದನ್ನು ಗಮನಿಸದೆ ಪ್ರಕರಣವನ್ನು ಮುಚ್ಚುವವರು ನಮ್ಮ ಕೆಲಸದಲ್ಲಿ ಬಹಳ ಮಂದಿ ಇದ್ದಾರೆ. ಒಂದೊಂದೇ ಖಾತೆಯ ಸಂಖ್ಯೆಯನ್ನು ಕೊಟ್ಟು ಅವನ್ನೂ ಅಳಿಸಿಸಿದೆ. ಟೂರ್ನಮೆಂಟಿನ ನೋಂದಣಿಯನ್ನು ಮತ್ತೆ ಸೇರಿಸಿದೆವು. ಪರಿಹಾರವೆಂದು ಆಟದೊಳಗೆ ಬಳಸುವ ಒಂದಿಷ್ಟು ವಜ್ರಗಳನ್ನು ಕೊಡೋಣ ಎಂದು ಕಚೇರಿಯವರು ಹೇಳಿದಾಗ ನಾಯಕ ಬೇಡವೆಂದ. ಆದದ್ದನ್ನು ಎಲ್ಲರಿಗೂ ಕಾಣುವಂತೆ ಬರೆಯಿರಿ, ಅಷ್ಟು ಸಾಕು ಎಂದ. ಆಟದ ಸೂಚನಾ ಫಲಕದಲ್ಲಿ ನಾನು ಬರೆದದ್ದು ಇಷ್ಟು: “ಸೂಳೇಬಾವಿ ಎಂಬುದು ಬಾಗಲಕೋಟೆ ಜಿಲ್ಲೆಯ ಒಂದು ಊರು. ಬೆಳಗಾವಿ ಜಿಲ್ಲೆಯಲ್ಲಿಯೂ ಅದೇ ಹೆಸರಿನ ಊರಿದೆ. ನಮ್ಮ ಫಿಲ್ಟರ್ ಆ ಹೆಸರನ್ನು ತಪ್ಪಾಗಿ ಅಳಿಸಿತು. ದೂರು ಬಂದಾಗ ಅದನ್ನು ಪೂರ್ತಿ ಓದದೆ ಉತ್ತರಿಸಿದ್ದು ನಮ್ಮ ತಪ್ಪು. ಆ ಊರಿನ ಆಟಗಾರರ ಕ್ಷಮೆ ಕೇಳುತ್ತೇವೆ.” ತಾಂತ್ರಿಕ ದೋಷದಿಂದ ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ ಎಂಬ ಮಾಮೂಲು ಸಾಲನ್ನು ಸೇರಿಸಲು ಕಚೇರಿ ಹೇಳಿತ್ತು. ‘ಅನಾನುಕೂಲವಾಗಿದ್ದಲ್ಲಿ’ ಎಂಬ ಮಾತು ಆದ ಅವಮಾನವನ್ನೇ ಅನುಮಾನಿಸುತ್ತದೆ ಎಂದು ವಾದಿಸಿ ಅದನ್ನು ತೆಗೆಸಿದೆ.

ವಿಜಯಪುರದ ಹುಡುಗಿ ಹೇಳಿದ್ದು ಶನಿವಾರವೇ ನಿಜವಾಯಿತು. ಅಭ್ಯಾಸದ ಆಟದಲ್ಲಿ ಎದುರಾಳಿಯೊಬ್ಬ ಊರಿನ ಹೆಸರನ್ನು ನಡುವೆ ಜಾಗ ಬಿಟ್ಟು ಎರಡು ತುಂಡು ಮಾಡಿ, ಮೊದಲ ತುಂಡನ್ನೇ ಮತ್ತೆ ಮತ್ತೆ ಬರೆಯತೊಡಗಿದ. ಫಿಲ್ಟರ್ ಒಂದೆರಡನ್ನು ಹಿಡಿಯಿತು, ಉಳಿದವನ್ನು ಅಕ್ಷರಗಳ ನಡುವೆ ಚುಕ್ಕೆ ಸೇರಿಸಿ ಅವನು ದಾಟಿಸಿದ. ನಾಯಕ ಮರುಬೈಗುಳ ಬರೆಯದೆ ಚಾಟಿನ ಚಿತ್ರ ತೆಗೆದು ದೂರು ಕೊಟ್ಟ. ಆ ಹುಡುಗಿ ಇಡೀ ಆಟದ ಚಾಟನ್ನು ಮೊದಲಿನಿಂದ ಓದಿ, ಊರನ್ನು ಹೆಸರಿಸಿದ ಮಾತುಗಳನ್ನೂ ಊರಿನವರನ್ನು ಹಂಗಿಸಿದ ಮಾತುಗಳನ್ನೂ ಬೇರೆ ಬೇರೆಯಾಗಿ ಗುರುತಿಸಿ ನನಗೆ ಕಳಿಸಿದಳು. ಬೈದವನಿಗೆ ಹದಿನೈದು ದಿನ ಮ್ಯೂಟ್ ಆಯಿತು, ಯಾವ ಮಾತಿಗೆ ಎಂಬುದನ್ನು ಕನ್ನಡದಲ್ಲೇ ಬರೆದು ಅವನಿಗೆ ತಿಳಿಸಿದೆವು. ಇಂಥದ್ದು ವಾಯ್ಸ್ ಚಾಟಿನಲ್ಲಿ ನಡೆದರೆ ನಮ್ಮ ಕೈಯಲ್ಲಿ ಇಂದಿಗೂ ಅಂಥ ದಾಖಲೆ ಇರುವುದಿಲ್ಲ. ದೂರು ಕೊಟ್ಟವರ ಮಾತನ್ನೇ ನಂಬಿ ನಡೆಯುತ್ತಿದ್ದೇವೆ.

ಭಾನುವಾರದ ಟೂರ್ನಮೆಂಟಿನಲ್ಲಿ ಅವರು ಎರಡನೆಯ ಸುತ್ತಿನಲ್ಲಿ ಸೋತರು. ಮ್ಯೂಟ್ ಆಗಿದ್ದ 9 ಮಂದಿಯಲ್ಲಿ 8 ಮಂದಿ ಮರಳಿ ಬಂದು ಆಡಿದರು. ಹೆಸರುಗಳ ಪಟ್ಟಿಗೆ ಈಗ ನಾಯಕನೇ ಸುತ್ತಲಿನ ತಾಲ್ಲೂಕುಗಳ ಊರು, ಹಳ್ಳ, ಕೆರೆಗಳ ಹೆಸರನ್ನು ಕಳಿಸುತ್ತಿರುತ್ತಾನೆ. ಒಂಬತ್ತನೆಯವನ ಖಾತೆಯನ್ನು ನಾನು ಆಗಾಗ ತೆರೆದು ನೋಡುತ್ತೇನೆ. ಅದರಲ್ಲಿ ಒಂದೂ ಎಚ್ಚರಿಕೆಯಿಲ್ಲ, ಕ್ಲ್ಯಾನಿನ ಹೆಸರು ದೀರ್ಘದೊಂದಿಗೆ ಸರಿಯಾಗಿದೆ. ಅವನು ಕೊನೆಯ ಸಲ ಆಟಕ್ಕೆ ಬಂದ ದಿನವೆಂದು ಆ ಬುಧವಾರದ ದಿನಾಂಕವೇ ಇದೆ.